ತೀವ್ರ ನಿಗಾ ಘಟಕದಲ್ಲಿ ನಿದ್ರೆಯ ಲೆಕ್ಕ

ಬೇಗೂರು, ಎಲೆಕ್ಟ್ರಾನಿಕ್ ಸಿಟಿ ಭಾಗದ ಉದ್ಯಮಿಗಳಿಗೆ ರಾತ್ರಿ ಪಾಳಿ ಹೊಸತಲ್ಲ. ಹಗಲಿರುಳಿನ ಭೇದವೇ ಅಳಿಸಿಹೋಗುವ ಇನ್ನೊಂದು ಸ್ಥಳ ಆಸ್ಪತ್ರೆಯ ತೀವ್ರ ನಿಗಾ ಘಟಕ. ವಾರ್ಡಿನಲ್ಲಿ ರಾತ್ರಿಯ ಸದ್ದು 30 ಡೆಸಿಬಲ್ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 1999ರಲ್ಲಿಯೇ ಸೂಚಿಸಿತ್ತು. ಯಂತ್ರಗಳ ಅಲಾರಾಂ ನಡುವೆ ಅದು ಕಾಗದದಲ್ಲಿಯೇ ಉಳಿದಿದೆ. ನಿದ್ರಾಭಂಗಕ್ಕೂ ಡೆಲಿರಿಯಂ ಎಂಬ ಬುದ್ಧಿಭ್ರಮೆಗೂ ನಂಟಿದೆಯೆಂಬುದು ವೈದ್ಯರ ಅಭಿಪ್ರಾಯ. ಡೆಲಿರಿಯಂ ಬಂದಲ್ಲಿ ಆಸ್ಪತ್ರೆವಾಸ ದೀರ್ಘವಾಗುತ್ತದೆ, ಬಿಲ್ಲೂ ಬೆಳೆಯುತ್ತದೆ.

ಇದನ್ನು ಅಳೆಯುವವರು ಸಂಶೋಧನಾ ಸಹಾಯಕರು. ಬೆಳಕು, ಸದ್ದುಗಳನ್ನು ದಾಖಲಿಸಿ, ರೋಗಿಯ ಮಣಿಕಟ್ಟಿಗೆ ಚಲನೆ ಅಳೆಯುವ ಪಟ್ಟಿ ಕಟ್ಟಿ, ಬೆಳಿಗ್ಗೆ ರಿಚರ್ಡ್ಸ್-ಕ್ಯಾಂಪ್‌ಬೆಲ್ ಪ್ರಶ್ನಾವಳಿಯ ಐದು ಪ್ರಶ್ನೆ ಕೇಳುತ್ತಾರೆ. ವೋಚರ್ ಪರಿಶೀಲನೆಯಷ್ಟೇ ನೀರಸ, ಅಷ್ಟೇ ಅನಿವಾರ್ಯ!

ಬೆಳಕು, ಸದ್ದು ತಗ್ಗಿಸಬೇಕೆಂಬುದು 2018ರ ಅಂತರರಾಷ್ಟ್ರೀಯ ಮಾರ್ಗಸೂಚಿಯ ಸಲಹೆ. ಕಣ್ಪಟ್ಟಿಯ ವೆಚ್ಚ ಅತ್ಯಲ್ಪ. ಸಾಮಾಜಿಕ ಹೊಣೆಗಾರಿಕೆ ನಿಧಿಯಿಂದ ವೆಂಟಿಲೇಟರ್ ದಾನ ಮಾಡುವ ಸದಸ್ಯರು ಈ ಸಹಾಯಕರ ವೇತನವನ್ನೂ ಪರಿಗಣಿಸಬಹುದು. 2013ರ ಕಂಪನಿ ಕಾಯಿದೆಯ 7ನೆಯ ಅನುಸೂಚಿಯು ಸರ್ಕಾರಿ ಅನುದಾನಿತ ವಿಶ್ವವಿದ್ಯಾಲಯಗಳ ವೈದ್ಯಕೀಯ ಸಂಶೋಧನೆಗೆ ಅವಕಾಶವಿತ್ತಿದೆ.