ಹೆಸರು ಕೇಳಿ ಬರೆದವರು

ಲಘು ಸಂಗೀತವೆಂದೊಡನೆ ನಮ್ಮ ಶ್ರೋತೃಗಳಿಗೆ ಭಾವಗೀತೆಗಳೂ ಭಕ್ತಿಗೀತೆಗಳೂ ನೆನಪಾಗುವುದು ಸಹಜ. ಇಂಗ್ಲೆಂಡಿನಲ್ಲಿ ಆ ಮಾತಿಗೆ ಬೇರೆಯೇ ಅರ್ಥವುಂಟು. ಅಲ್ಲಿ ಅದು ಹೆಚ್ಚಾಗಿ ಹಾಡಲ್ಲ. ವಾದ್ಯವೃಂದಕ್ಕೆಂದೇ ಬರೆದ, ಕೆಲವೇ ನಿಮಿಷಗಳಲ್ಲಿ ಮುಗಿಯುವ, ಕೇಳಿದ ಕೂಡಲೇ ಮನಸ್ಸಿಗೆ ಹಿಡಿಸುವ ಕೃತಿ. ಸಿಂಫೊನಿಯ ಪಂಡಿತರು ಅದಕ್ಕೆ ಕೆಳಗಿನ ಪಂಕ್ತಿಯಲ್ಲಿ ಎಲೆ ಹಾಕಿದರು. ರೇಡಿಯೊ ಮುಂದೆ ಕುಳಿತ ಸಾಮಾನ್ಯರು ಹಾಗೆಣಿಸಲಿಲ್ಲ. ಎರಿಕ್ ಕೋಟ್ಸ್ ಅವರ ಸಂಗೀತಕ್ಕೆ ದೊರೆತ ಆದರವನ್ನು ನೋಡಿದರೆ ಈ ಮಾತು ಸ್ಪಷ್ಟವಾಗುತ್ತದೆ.

ಕೋಟ್ಸ್ ಹುಟ್ಟಿದ್ದು 1886ರಲ್ಲಿ, ನಾಟಿಂಗ್‌ಹ್ಯಾಮ್ ಸೀಮೆಯ ಹಕ್‌ನಲ್ ಎಂಬ ಊರಿನಲ್ಲಿ, ವೈದ್ಯರೊಬ್ಬರ ಮಗನಾಗಿ. ಲಂಡನ್ನಿನಲ್ಲಿ ವಯೋಲ ಕಲಿತರು. 1919ರವರೆಗೆ ಕ್ವೀನ್ಸ್ ಹಾಲಿನ ವಾದ್ಯವೃಂದದಲ್ಲಿ ಅದನ್ನೇ ನುಡಿಸಿದರು. ವಯೋಲ ಪಿಟೀಲಿಗಿಂತ ತುಸು ದೊಡ್ಡದು, ದನಿಯಲ್ಲಿ ಗಂಭೀರವಾದುದು. ಮುಖ್ಯ ಧಾಟಿ ಅದರ ಪಾಲಿಗೆ ಬರುವುದು ಅಪರೂಪ. ನಡುವೆ ಇದ್ದುಕೊಂಡು ಉಳಿದವರ ನಾದವನ್ನು ತುಂಬಿಕೊಡುವುದೇ ಅದರ ಕೆಲಸ. ಮುಂದೆ ಅವರು ಬರೆದ ಕೃತಿಗಳಲ್ಲಿ ಒಳಗಿನ ವಾದ್ಯಗಳು ಸುಮ್ಮನೆ ಕೂತಿರುವುದಿಲ್ಲ. ಮೇಲಿನ ಧಾಟಿ ಸರಳವಾಗಿದ್ದರೂ ಕೆಳಗೆ ಏನೋ ಸಂಚಾರ ನಡೆದೇ ಇರುತ್ತದೆ. ಹತ್ತು ಸಲ ಕೇಳಿದರೂ ಬೇಸರವಾಗದಿರುವ ಗುಟ್ಟು ಇಲ್ಲಿದೆಯೆಂದು ನನಗೆ ತೋರುತ್ತದೆ.

1933ರಲ್ಲಿ ಬಿ.ಬಿ.ಸಿ.ಯವರು ‘ಇನ್ ಟೌನ್ ಟುನೈಟ್’ ಎಂಬ ಕಾರ್ಯಕ್ರಮವನ್ನು ಆರಂಭಿಸಿದಾಗ, ಕೋಟ್ಸ್ ಅವರ ‘ಲಂಡನ್ ಸೂಟ್’ನ ‘ನೈಟ್ಸ್‌ಬ್ರಿಜ್’ ಎಂಬ ಮಾರ್ಚ್ ಅನ್ನು ಅದರ ಸಂಕೇತ ಸಂಗೀತವಾಗಿ ಆರಿಸಿದರು. ಆ ಧಾಟಿಯ ಹೆಸರೇನೆಂದು ಕೇಳಿ ಕೆಲವೇ ದಿನಗಳಲ್ಲಿ ಸುಮಾರು 20,000 ಪತ್ರಗಳು ಬಂದುವೆಂದು ಹೇಳುತ್ತಾರೆ. ಈ ಸಂಖ್ಯೆಗಿಂತ ನನ್ನನ್ನು ಹೆಚ್ಚು ಸೆಳೆದದ್ದು ಆ ಪ್ರಶ್ನೆ. ಹಾಡಾದರೆ ಅದರ ಪಲ್ಲವಿಯನ್ನು ಹೇಳಿ ಅಂಗಡಿಯಲ್ಲಿ ರೆಕಾರ್ಡು ಕೇಳಬಹುದು. ಮಾತಿಲ್ಲದ ಧಾಟಿಯನ್ನು ಗುನುಗಿ ತೋರಿಸಬೇಕಲ್ಲದೆ ಹೇಗೆ ಕೇಳುವುದು? ಹೆಸರು ತಿಳಿಯದಿದ್ದರೆ ಅದು ಗಾಳಿಯಲ್ಲಿ ಬಂದು ಗಾಳಿಯಲ್ಲೇ ಹೋಗುತ್ತದೆ. ನಮ್ಮ ಆಕಾಶವಾಣಿಯ ಮುಂಜಾವಿನ ನಾದವನ್ನೇ ನೋಡಿ: ಅದನ್ನು ರಚಿಸಿದವರೆಂದು ಹೇಳಲಾಗುವ ವಾಲ್ಟರ್ ಕೌಫ್‌ಮನ್ ಅವರ ಹೆಸರನ್ನು ನಮ್ಮಲ್ಲಿ ಎಷ್ಟು ಜನ ವಿಚಾರಿಸಿದ್ದೇವೆ?

ಯುದ್ಧಕಾಲದಲ್ಲಿ ಈ ನಂಟು ಮತ್ತಷ್ಟು ಬಿಗಿಯಾಯಿತು. 1940ರಲ್ಲಿ ಬರೆದ ‘ಕಾಲಿಂಗ್ ಆಲ್ ವರ್ಕರ್ಸ್’, ಕಾರ್ಖಾನೆಯ ಕೆಲಸಗಾರರಿಗಾಗಿ ಪ್ರಸಾರವಾಗುತ್ತಿದ್ದ ‘ಮ್ಯೂಸಿಕ್ ವೈಲ್ ಯು ವರ್ಕ್’ ಕಾರ್ಯಕ್ರಮದ ಸಂಕೇತವಾಯಿತು. 1942ರಲ್ಲಿ ರಾಯ್ ಪ್ಲಮ್ಲಿ ಅವರು ಆರಂಭಿಸಿದ ‘ಡೆಸರ್ಟ್ ಐಲೆಂಡ್ ಡಿಸ್ಕ್ಸ್’ಗೆ, ಅವರ 1930ರ ‘ಬೈ ದ ಸ್ಲೀಪಿ ಲಗೂನ್’ ಒದಗಿತು. ಧಾಟಿಯ ಜೊತೆಗೆ ಕಡಲಹಕ್ಕಿಗಳ ಕೂಗನ್ನೂ ಸೇರಿಸಿದರು. ಈ ಹಕ್ಕಿ ಉಷ್ಣವಲಯದ ದ್ವೀಪದ್ದಲ್ಲವೆಂದು ಶ್ರೋತೃಗಳು ತಗಾದೆ ತೆಗೆದರು! 1960ರ ದಶಕದಲ್ಲಿ ಕೆಲಕಾಲ ಉಷ್ಣವಲಯದ ಹಕ್ಕಿಗಳನ್ನು ಕೂಗಿಸಿ, ಮತ್ತೆ ಹಳೆಯವನ್ನೇ ಕರೆತಂದರು. ನನಗೇನೋ ಹಳೆಯವೇ ಸರಿ. ಕೋಟ್ಸ್ ಅವರಿಗೆ ಆ ಕೃತಿ ಹೊಳೆದದ್ದು ಉಷ್ಣವಲಯದಲ್ಲಲ್ಲ, ಇಂಗ್ಲೆಂಡಿನ ದಕ್ಷಿಣ ತೀರದ ಸೆಲ್ಸಿಯಲ್ಲಿ.

1955ರಲ್ಲಿ ‘ಡ್ಯಾಮ್ ಬಸ್ಟರ್ಸ್’ ಚಿತ್ರದ ಮಾರ್ಚ್ ಅವರಿಗೆ ಇನ್ನೊಮ್ಮೆ ದೇಶವ್ಯಾಪಿ ಕೀರ್ತಿ ತಂದಿತು. 1957ರಲ್ಲಿ ಅವರು ತೀರಿಕೊಂಡರು. ಬಳಿಕ ಅಭಿರುಚಿ ಬದಲಾಯಿತು. ರೇಡಿಯೊದಲ್ಲಿ ಈ ಬಗೆಯ ಸಂಗೀತಕ್ಕಿದ್ದ ಕಾಲಾವಕಾಶ ಕುಗ್ಗುತ್ತ ಬಂದಿತು. ಕೋಟ್ಸ್ ಅವರ ಧಾಟಿಗಳು ಕಿವಿಗಳಲ್ಲಿ ಉಳಿದವು. ಅಷ್ಟು ಹೆಸರು ಪಡೆಯದ ಅವರ ಸಹೋದ್ಯೋಗಿಗಳ ಗತಿಯೇನು? ವಾದ್ಯವೃಂದದ ಕೃತಿಯೆಂದರೆ ಒಂದೇ ಹಾಳೆಯಲ್ಲ. ಪ್ರತಿಯೊಂದು ವಾದ್ಯಕ್ಕೂ ಬೇರೆ ಬೇರೆ ಸ್ವರಪ್ರತಿಗಳ ಕಟ್ಟು. ಆ ಕಟ್ಟು ಕಳೆದುಹೋದರೆ, ಧಾಟಿ ಯಾರ ನೆನಪಿನಲ್ಲಿದ್ದರೂ ನುಡಿಸುವಂತಿಲ್ಲ.

ಇಂಥ ಕಟ್ಟುಗಳು ರದ್ದಿಯ ಪಾಲಾಗುತ್ತಿರುವುದನ್ನು ಕಂಡ ಅರ್ನೆಸ್ಟ್ ಟಾಮ್ಲಿನ್‌ಸನ್, ಸ್ವತಃ ಲಘು ಸಂಗೀತದ ರಚನಕಾರರು, 1984ರಲ್ಲಿ ಇವುಗಳಿಗೆಂದೇ ಒಂದು ಗ್ರಂಥಭಂಡಾರವನ್ನು ಸ್ಥಾಪಿಸಿದರು. ಲ್ಯಾಂಕಷೈರಿನ ತಮ್ಮ ಮನೆಯ ಪಕ್ಕದ ಹಳೆಯ ಕಣಜದಲ್ಲಿ ಅವನ್ನು ಜೋಡಿಸಿಟ್ಟರು. 2015ರಲ್ಲಿ ಅವರು ತೀರಿಕೊಳ್ಳುವ ಹೊತ್ತಿಗೆ ಹತ್ತಾರು ಸಾವಿರ ಕೃತಿಗಳು ಅಲ್ಲಿ ಸೇರಿದ್ದವು, ಒಂದೊಂದರ ಮೇಲೂ ಅದರ ಹೆಸರಿನೊಡನೆ.