ಲಿವರ್‌ಪೂಲ್ ರೇವಿನ ಹಳೆಯ ಸರಕಿನ ಸ್ಟೇಷನ್ನು

ಧಾರವಾಡ ಸೀಮೆಯ ಹತ್ತಿಯು ಎತ್ತಿನ ಬಂಡಿಗಳಲ್ಲಿ ಘಟ್ಟವನ್ನಿಳಿದು ಕುಮಟೆಯ ಬಂದರವನ್ನು ಸೇರಿ, ಅಲ್ಲಿಂದ ಮುಂಬಯಿಗೂ, ಮುಂಬಯಿಯಿಂದ ವಿಲಾಯತಿಗೂ ಹೋಗುತ್ತಿದ್ದ ಕಾಲವೊಂದಿತ್ತು. ವಿಲಾಯತಿಯಲ್ಲಿ ಅದು ಇಳಿಯುತ್ತಿದ್ದ ಪಟ್ಟಣವು ಲಿವರ್‌ಪೂಲು. ಆ ಪಟ್ಟಣದ ಹಡಗುಕಟ್ಟೆಗಳ ಮಗ್ಗುಲಿಗೇ ಪಾರ್ಕ್ ಲೇನ್ ಎಂಬಲ್ಲಿ ಒಂದು ಸರಕಿನ ಸ್ಟೇಷನ್ನಿದ್ದಿತು. ವಾಪಿಂಗ್ ಎಂದೂ ಅದಕ್ಕೆ ಹೆಸರು. ಹಡಗಿನ ಸರಕನ್ನು ರೈಲಿಗೇರಿಸಲೆಂದು ಲೋಕದಲ್ಲಿ ಹುಟ್ಟಿದ ಮೊದಮೊದಲ ನಿಲ್ದಾಣಗಳಲ್ಲಿ ಅದೊಂದು.

ಅದಕ್ಕೆ ಮೊದಲು ಲಿವರ್‌ಪೂಲಿಗೂ ಮ್ಯಾಂಚೆಸ್ಟರಿನ ಗಿರಣಿಗಳಿಗೂ ನಡುವಣ ಸುಮಾರು 30 ಮೈಲಿ ದೂರವನ್ನು ಸರಕುಗಳು ಕಾಲುವೆಯ ದೋಣಿಗಳಲ್ಲಿ ಕ್ರಮಿಸಬೇಕಾಗಿದ್ದಿತು. ಅಮೆರಿಕೆಯಿಂದ ಕಡಲನ್ನು ದಾಟಿ ಬಂದ ಹತ್ತಿಗೆ ಈ ಚೂರು ದಾರಿಯಲ್ಲಿ ಅದಕ್ಕಿಂತಲೂ ಹೆಚ್ಚು ದಿನ ಹಿಡಿಯುವುದುಂಟೆಂದು ವರ್ತಕರು ಗೋಳಿಡುತ್ತಿದ್ದರು. ರೈಲುದಾರಿಯನ್ನು ಹಾಕುವ ಯೋಚನೆಗೆ ಇದೇ ಬೀಜ.

ಆದರೆ ರೇವು ತಗ್ಗಿನಲ್ಲಿ, ದಾರಿ ಬರುವುದು ದಿಣ್ಣೆಯ ಮೇಲೆ, ನಡುವೆ ಕಿಕ್ಕಿರಿದ ಊರು! ಜಾರ್ಜ್ ಸ್ಟೀಫನ್‌ಸನ್ನನು ಊರಿನ ಅಡಿಯಲ್ಲಿಯೇ 2,250 ಗಜಗಳ ಉದ್ದದ ಸುರಂಗವನ್ನು ಕೊರೆಯಿಸಿದನು. 1829ರಲ್ಲಿ ಅದರ ಗೋಡೆಗಳಿಗೆ ಸುಣ್ಣ ಬಳಿದು, ಗ್ಯಾಸಿನ ದೀಪಗಳನ್ನು ಹಚ್ಚಿ, ತಲೆಗೊಂದು ಷಿಲ್ಲಿಂಗಿನಂತೆ ಪಡೆದು ಜನರನ್ನು ಒಳಕ್ಕೆ ಬಿಟ್ಟರಂತೆ. ಊರೊಳಗೆ ಉಗಿಯಂತ್ರವನ್ನು ತರಗೊಡಲಿಲ್ಲವಾದ್ದರಿಂದ, ಬಂಡಿಗಳು ಇಳಿಜಾರಿನಲ್ಲಿ ತಮ್ಮ ಭಾರದಿಂದಲೇ ಕೆಳಗಿಳಿಯುತ್ತಿದ್ದುವು. ಮೇಲೇರಬೇಕಾದರೆ ದಿಣ್ಣೆಯ ತುದಿಯಲ್ಲಿ ನೆಲೆಯಾಗಿ ನಿಂತ ಯಂತ್ರವು ಹಗ್ಗದಿಂದ ಅವನ್ನು ಸೇದಬೇಕು. ನಮ್ಮ ಬಾವಿಯ ರಾಟೆಯ ಹಾಗೆ. 48 ಅಡಿ ನಡೆದರೆ ಒಂದಡಿ ಏರು. 1896ರ ವರೆಗೂ ಹೀಗೆಯೇ ನಡೆಯಿತು.

ದಾರಿಯು 1830ನೆಯ ಸೆಪ್ಟೆಂಬರ್ 15ರಂದು ತೆರೆಯಿತು. ಅದೇ ಡಿಸೆಂಬರ್ 4ರಂದು ‘ಪ್ಲಾನೆಟ್’ ಎಂಬ ಯಂತ್ರವು 18 ಬಂಡಿಗಳನ್ನು ಮ್ಯಾಂಚೆಸ್ಟರಿಗೆ ಎಳೆದೊಯ್ದಿತು. ಅವುಗಳಲ್ಲಿದ್ದುದು 135 ಮೂಟೆ ಅಮೆರಿಕೆಯ ಹತ್ತಿ, 200 ಪೀಪಾಯಿ ಹಿಟ್ಟು, ಮತ್ತೆ ಕೆಲವು ಚೀಲ ಧಾನ್ಯ. ಹಿಡಿದ ಹೊತ್ತು ಮೂರು ಗಂಟೆಗಿಂತಲೂ ಕಡಿಮೆ! ಎಲ್ಲರೂ ವೇಗವನ್ನು ಕೊಂಡಾಡಿದರು. ಆ ಹತ್ತಿಯನ್ನು ಬಿಡಿಸಿದ ಕೈಗಳು ಕೊಂಡು ಮಾರಲ್ಪಡುತ್ತಿದ್ದ ಗುಲಾಮರ ಕೈಗಳೆಂಬುದು ಆ ಸಂಭ್ರಮದಲ್ಲಿ ಎಷ್ಟು ಮಂದಿಗೆ ನೆನಪಿದ್ದಿತೋ!

1861ರಲ್ಲಿ ಅಮೆರಿಕೆಯಲ್ಲಿ ಅಂತರ್ಯುದ್ಧವು ಹೊತ್ತಿಕೊಂಡು ಅಲ್ಲಿಯ ಹತ್ತಿ ಬರುವುದು ನಿಂತಿತು. ಗಿರಣಿಗಳು ಮುಚ್ಚಿದುವು, ಲಂಕಾಷೈರಿನ ಕೂಲಿಕಾರರು ಗಂಜಿಗೂ ಗತಿಗೆಟ್ಟರು. ಆಗ ಹಿಂದೂಸ್ಥಾನದ ಹತ್ತಿಗೆ ಬೆಲೆ ಬಂದಿತು. 1840ರ ದಶಕದಿಂದ ಅಮೆರಿಕೆಯ ಬೀಜವನ್ನು ತಂದು ಬೆಳೆಯಿಸಿದ ‘ಧಾರವಾಡ’ದ ಹತ್ತಿಯ ಹೆಸರು ಲಿವರ್‌ಪೂಲಿನ ಪೇಟೆಯ ಧಾರಣೆಯಲ್ಲಿ ಕಾಣತೊಡಗಿತು. ಒಂದು ಖಂಡದ ಹಸಿವು ಇನ್ನೊಂದು ಖಂಡದ ರೈತನ ಸುಗ್ಗಿಯಾಯಿತು; ಆದರೆ 1865ರಲ್ಲಿ ಯುದ್ಧವು ಮುಗಿದೊಡನೆ ಬೆಲೆ ಕುಸಿದು, ಮುಂಬಯಿಯಲ್ಲಿ ಅನೇಕ ಸಾಹುಕಾರರು ದಿವಾಳಿ ತೆಗೆದರು.

ಪಾರ್ಕ್ ಲೇನಿನ ಸ್ಟೇಷನ್ನು ಮತ್ತೆ ನೂರು ವರ್ಷ ಬಾಳಿತು. ಬರಬರುತ್ತ ಸರಕು ಲಾರಿಗಳ ಪಾಲಾಯಿತು. ಹಡಗುಗಳು ಹಿರಿದಾಗಿ ಆ ಹಳೆಯ ಕಟ್ಟೆಗಳಿಗೆ ಒಗ್ಗದಾದುವು. 1965ರಲ್ಲಿ ಸ್ಟೇಷನ್ನನ್ನೂ 1972ರಲ್ಲಿ ಸುರಂಗವನ್ನೂ ಮುಚ್ಚಿದರು. ದಕ್ಷಿಣದ ಹಡಗುಕಟ್ಟೆಗಳ ಕೆಲಸವೂ ಅದೇ ವರ್ಷ ನಿಂತಿತು. ಉಗ್ರಾಣಗಳು ಈಗಿಲ್ಲ. ರೇವಿನ ಕಡೆಯ ಹಳ್ಳದಲ್ಲಿ ಸುರಂಗದ ಬಾಯಿ ಮಾತ್ರ ಉಳಿದಿದೆ. ಒಳಗಿನ ಹೊಗೆ ಹೊರಹೋಗಲೆಂದು ಕಟ್ಟಿದ ಇಟ್ಟಿಗೆಯ ಗೋಪುರಗಳಲ್ಲಿ ಮೂರು, ಮನೆಗಳ ನಡುವೆ ಇನ್ನೂ ನಿಂತಿವೆ.