ಕರಿಕೋಟಿನವರು ಪತ್ರಿಕೆಗೆ ಬರುವ ದಾರಿ

ಪಿಯುಸಿ ಮುಗಿಸಿ ಐದು ವರ್ಷದ ಕಾನೂನು ಪದವಿಗೆ ಸೇರುತ್ತೇನೆ ಎಂದು ಮಗಳೋ ಮಗನೋ ಹೊರಟರೆ, ಪಾಲಕರ ಮೊದಲ ಪ್ರಶ್ನೆ: 'ನಾಲ್ಕು ಜನಕ್ಕೆ ಹೆಸರು ಗೊತ್ತಾಗುವುದು ಯಾವಾಗ?'

ಜಾಹೀರಾತು ಕೊಡುವಂತಿಲ್ಲ. ಭಾರತೀಯ ವಕೀಲರ ಪರಿಷತ್ತಿನ 36ನೇ ನಿಯಮ ಅದನ್ನು ನಿಷೇಧಿಸಿದೆ. ತಾನು ನಡೆಸುತ್ತಿರುವ ಮೊಕದ್ದಮೆಯ ಬಗ್ಗೆ ಪತ್ರಿಕೆಯಲ್ಲಿ ಬರೆಸುವುದು, ಫೋಟೊ ಹಾಕಿಸುವುದು ಕೂಡ ತಪ್ಪೇ. ನಾಮಫಲಕವೂ ಹಿತಮಿತ ಗಾತ್ರದ್ದಿರಬೇಕು! 2008ರ ತಿದ್ದುಪಡಿ ವೆಬ್‌ಸೈಟಿಗೆ ಒಪ್ಪಿದರೂ ಅಲ್ಲಿ ಹೆಸರು, ವಿಳಾಸ, ವಿದ್ಯಾರ್ಹತೆಯಂಥ ವಿವರಗಳಿಗಷ್ಟೇ ಜಾಗ. ಅಮೆರಿಕದ ವಕೀಲರಿಗೆ ಅಲ್ಲಿನ ಸುಪ್ರೀಂ ಕೋರ್ಟು 1977ರಲ್ಲೇ ಜಾಹೀರಾತಿನ ಬಾಗಿಲು ತೆರೆದಿತ್ತು.

ಆದರೆ ಪತ್ರಿಕೆಗೆ ವಕೀಲರ ಅಗತ್ಯ ಈಗ ಮೊದಲಿಗಿಂತ ಹೆಚ್ಚು. ಸುದ್ದಿಮನೆಗಳು ಬರಿದಾಗುತ್ತಿವೆ. ಅಮೆರಿಕದ ಪತ್ರಿಕೆಗಳ ಸುದ್ದಿವಿಭಾಗದಲ್ಲಿ 2008ರಲ್ಲಿ ಸುಮಾರು 71 ಸಾವಿರ ಮಂದಿಯಿದ್ದರು. 2020ರಲ್ಲಿ ಉಳಿದವರು ಸುಮಾರು 31 ಸಾವಿರ ಎನ್ನುತ್ತದೆ ಪ್ಯೂ ಸಂಶೋಧನಾ ಕೇಂದ್ರದ ಲೆಕ್ಕ. ನಮ್ಮಲ್ಲೂ ಕೋರ್ಟಿಗೆಂದೇ ಒಬ್ಬರನ್ನಿಡುವುದು ಎಲ್ಲ ಪತ್ರಿಕೆಗಳ ಕೈಲಾಗುವ ಮಾತಲ್ಲ. ಪುರಸಭೆ, ಪೊಲೀಸ್ ಠಾಣೆ, ಕೋರ್ಟು ಮೂರನ್ನೂ ಸುತ್ತುವ ವರದಿಗಾರನಿಗೆ ಸಂಜೆ ಆರಕ್ಕೆ ನೂರು ಪುಟದ ತೀರ್ಪು ಸಿಕ್ಕರೆ ಅವನೇನು ಮಾಡಬೇಕು? ಮುಖ್ಯ ಮಾತು ಯಾವ ಪ್ಯಾರಾದಲ್ಲಿದೆ ಎಂದು ತೋರಿಸುವ, ತಡೆಯಾಜ್ಞೆ ಸಿಕ್ಕ ಮಾತ್ರಕ್ಕೆ ಕೇಸು ಗೆದ್ದಂತಲ್ಲ ಎಂದು ಎರಡು ವಾಕ್ಯದಲ್ಲಿ ಬಿಡಿಸಿ ಹೇಳುವ ವಕೀಲರನ್ನು ಅವನು ಮರೆಯುವುದಿಲ್ಲ. ಕೇಸು ತನ್ನದಾಗಿರಬಾರದು, ಅಷ್ಟೆ. ಮರುದಿನ ಬೆಳಿಗ್ಗೆ ಫೋನ್ ಮಾಡಿದರೆ ಪ್ರಯೋಜನವಿಲ್ಲ. ಪತ್ರಿಕೆ ಆಗಲೇ ಮನೆಬಾಗಿಲಲ್ಲಿರುತ್ತದೆ.

ಪತ್ರಿಕೆಯನ್ನು ಸರಿಯಾಗಿ ಓದಿಯೇ ಹೆಸರಾದವರೂ ಇದ್ದಾರೆ. 1979ರ ಜನವರಿಯಲ್ಲಿ ನಿವೃತ್ತ ಪೊಲೀಸ್ ಅಧಿಕಾರಿ ಕೆ.ಎಫ್. ರುಸ್ತುಂಜಿ ಅವರು ಬಿಹಾರದ ವಿಚಾರಣಾಧೀನ ಕೈದಿಗಳ ಬಗ್ಗೆ 'ಇಂಡಿಯನ್ ಎಕ್ಸ್‌ಪ್ರೆಸ್'ನಲ್ಲಿ ಬರೆದರು. ಅಪರಾಧ ಸಾಬೀತಾದರೂ ಅನುಭವಿಸಬೇಕಿರದಷ್ಟು ವರ್ಷ ಒಳಗೇ ಕೊಳೆತವರು ಅವರಲ್ಲಿದ್ದರು. ಅದನ್ನೋದಿದ ವಕೀಲೆ ಕಪಿಲಾ ಹಿಂಗೋರಾನಿ ಸುಪ್ರೀಂ ಕೋರ್ಟಿಗೆ ಅರ್ಜಿ ಹಾಕಿದರು. ಅದೇ ಹುಸೇನಾರಾ ಖಾತೂನ್ ಪ್ರಕರಣ. ಶೀಘ್ರ ವಿಚಾರಣೆ ಮೂಲಭೂತ ಹಕ್ಕು ಎಂದಿತು ಕೋರ್ಟು. ಸುಮಾರು 40 ಸಾವಿರ ಕೈದಿಗಳ ಬಿಡುಗಡೆಗೆ ಅದು ದಾರಿಯಾಯಿತು ಎನ್ನುತ್ತಾರೆ. ಹಿಂಗೋರಾನಿಯವರನ್ನು ದೇಶ ಇಂದಿಗೂ ಸಾರ್ವಜನಿಕ ಹಿತಾಸಕ್ತಿ ಮೊಕದ್ದಮೆಗಳ ತಾಯಿ ಎಂದೇ ನೆನೆಯುತ್ತದೆ.

ಕಾನೂನು ಓದಲು ಹೊರಟವರು ಕನ್ನಡವನ್ನು ಕಡೆಗಣಿಸಬೇಡಿ. ಇಂಗ್ಲಿಷಿನಲ್ಲಿ ವಾದಿಸುವವರು ಬೇಕಾದಷ್ಟಿದ್ದಾರೆ. ಬಾಡಿಗೆ ಕರಾರು, ಜಾಮೀನು, ಪಹಣಿ ತಿದ್ದುಪಡಿಯನ್ನು ಅಜ್ಜಿಗೂ ಅರ್ಥವಾಗುವಂತೆ ಬರೆಯಬಲ್ಲವರು ಕಡಿಮೆ. ಕಾಲೇಜಿನ ಕಾನೂನು ನೆರವು ಕೇಂದ್ರದಲ್ಲಿ ಜನ ಕೇಳುವ ಪ್ರಶ್ನೆಗಳಲ್ಲಿ ಒಂದನ್ನು ಆರಿಸಿ, ಕೇಳಿದವರ ಹೆಸರು ಬಿಟ್ಟು, ಮುನ್ನೂರು ಪದದಲ್ಲಿ ಉತ್ತರ ಬರೆಯಿರಿ. ಅಧ್ಯಾಪಕರಿಗೆ ತೋರಿಸಿ, ತಿದ್ದಿಸಿ, ಆಮೇಲೆ ಸಂಪಾದಕರಿಗೆ ಕಳುಹಿಸಿ.